ಲಾಸ್ ಏಂಜಲೀಸ್ ಕೊಲಿಸಿಯಂ ನೋಡುವವರು ಪೂರ್ವದ ಕಮಾನಿನ ಕಡೆಯಿಂದ ಹೋಗಿ

ಲಾಸ್ ಏಂಜಲೀಸ್‌ಗೆ ಹೋದ ನಮ್ಮವರು ಹಾಲಿವುಡ್, ಕಡಲತೀರ ನೋಡಿ ಹೊರಟುಬಿಡುತ್ತಾರೆ. ಮೆಮೋರಿಯಲ್ ಕೊಲಿಸಿಯಂ ಎಂಬ ಕ್ರೀಡಾಂಗಣಕ್ಕೆ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಕಾರು ಬೇಡ, ಪಾರ್ಕಿಂಗ್‌ಗೆ ದುಡ್ಡು ದಂಡ. ಡೌನ್‌ಟೌನ್‌ನಲ್ಲಿ ಮೆಟ್ರೋ ಇ ಲೈನ್ ಹತ್ತಿ, ಎಕ್ಸ್‌ಪೋ ಪಾರ್ಕ್/ಯುಎಸ್‌ಸಿ ನಿಲ್ದಾಣದಲ್ಲಿ ಇಳಿಯಿರಿ. ಪಕ್ಕದಲ್ಲೇ ಗುಲಾಬಿ ತೋಟ. ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಗಿಡ ಸವರುವ ಕೆಲಸಕ್ಕೆ ತೋಟ ಮುಚ್ಚಿರುತ್ತದೆ, ಆಗ ಬಳಸಿಕೊಂಡು ನಡೆಯಬೇಕು.

ಹತ್ತಿರ ಸಿಕ್ಕಿದ ಗೇಟಿನಲ್ಲಿ ಇಣುಕಿ ವಾಪಸಾಗಬೇಡಿ. ಸುತ್ತು ಹಾಕಿ ಪೂರ್ವಕ್ಕೆ ಬನ್ನಿ. ಅಲ್ಲಿ ಕಮಾನುಗಳ ಸಾಲು, ನಡುವಿನ ದೊಡ್ಡ ಕಮಾನಿನ ನೆತ್ತಿಯಲ್ಲಿ ಒಲಿಂಪಿಕ್ ಜ್ಯೋತಿಯ ಕುಂಡ. 1923ರಲ್ಲಿ ತೆರೆದ ಈ ಕ್ರೀಡಾಂಗಣ ಮೊದಲನೇ ಮಹಾಯುದ್ಧಕ್ಕೆ ಹೋದ ಈ ಊರಿನವರ ಸ್ಮಾರಕ. 1968ರಲ್ಲಿ ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಅಮೆರಿಕದ ಎಲ್ಲ ಯೋಧರಿಗೂ ಅರ್ಪಿಸಿದರು.

ಕಮಾನುಗಳ ಮುಂದೆ ತಲೆಯಿಲ್ಲದ ಎರಡು ಕಂಚಿನ ಮೂರ್ತಿಗಳಿವೆ, ಒಂದು ಗಂಡು, ಒಂದು ಹೆಣ್ಣು. "ಇವರೂ ಯುದ್ಧದಲ್ಲಿ ಸತ್ತವರಾ ಅಪ್ಪಾ?" ಅಂತ ಮಗಳು ಮೆಲ್ಲಗೆ ಕೇಳಿದಳು. ಅಲ್ಲ, 1984ರ ಒಲಿಂಪಿಕ್ಸ್‌ಗೆ ರಾಬರ್ಟ್ ಗ್ರಹಾಂ ಮಾಡಿದ ಕ್ರೀಡಾಪಟುಗಳ ಮೂರ್ತಿ ಎಂದೆ. ಆದರೆ ಆ ಜಾಗದಲ್ಲಿ ನಿಂತಾಗ ಅವಳ ಪ್ರಶ್ನೆ ತಪ್ಪು ಅನ್ನಿಸಲಿಲ್ಲ. ಒಳಗೆ ಗೋಡೆಯ ಫಲಕಗಳನ್ನು ನಿಧಾನವಾಗಿ ಓದಿ, ಅರ್ಧ ಗಂಟೆ ಬೇಕು.

ಕೆಲವು ವರ್ಷಗಳ ಹಿಂದೆ ಒಂದು ವಿಮಾನ ಕಂಪನಿಯ ಹೆಸರನ್ನು ಕ್ರೀಡಾಂಗಣಕ್ಕೆ ಸೇರಿಸಲು ಹೊರಟಾಗ ಮಾಜಿ ಸೈನಿಕರು ಒಪ್ಪಲಿಲ್ಲ. ಕೊನೆಗೆ ಆ ಹೆಸರು ಒಳಗಿನ ಮೈದಾನಕ್ಕಷ್ಟೇ ಉಳಿಯಿತು. ಅವರು ಪಟ್ಟು ಹಿಡಿದದ್ದು ಒಳ್ಳೆಯದಾಯಿತು. ಸ್ಮಾರಕದ ಹೆಸರು ಮಾರಾಟಕ್ಕಲ್ಲ.

ಟಿಕೆಟ್ ಕೊಂಡು ಟೂರ್‌ನಲ್ಲಿ ಒಳಗೆ ಹೋದರೆ ಕಮಾನಿಗೆ ಬೆನ್ನು ಮಾಡಿ ಮೈದಾನ ನೋಡಿ. 1932ರ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡ ಅಮೆರಿಕವನ್ನು 24–1ರಿಂದ ಸೋಲಿಸಿದ್ದು ಇಲ್ಲೇ. ರೂಪ್ ಸಿಂಗ್ ಒಬ್ಬರದೇ ಹತ್ತು ಗೋಲು. 1984ರಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದೂ ಇಲ್ಲೇ. ಓಟದ ಟ್ರ್ಯಾಕ್ ಈಗಿಲ್ಲ, ಹಸಿರು ಮೈದಾನವಷ್ಟೇ ಇದೆ.

ಪಂದ್ಯದ ದಿನ ಟೂರ್ ನಂಬಿಕೊಂಡು ಹೋಗಬೇಡಿ. ಪಂದ್ಯಕ್ಕೇ ಹೋಗುವುದಾದರೆ ಪಾರದರ್ಶಕ ಚೀಲ ಒಯ್ಯಿರಿ. 2028ರ ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್ ಇಲ್ಲೇ ನಡೆಯಲಿದೆ, ಆ ತಯಾರಿ ಶುರುವಾದ ಮೇಲೆ ಒಳಗೆ ಬಿಡುತ್ತಾರೋ ಇಲ್ಲವೋ ವಿಚಾರಿಸಿಕೊಂಡೇ ಹೊರಡಿ.