ಉಪ್ಪಿನ ದಾರಿಯ ಆಟ: ಮೂರನೆಯ ವಾರದ ಟಿಪ್ಪಣಿ

ನಾವು ಐವರು ಗೆಳೆಯರು ಸೇರಿ ಆಡಲಿರುವ ಪಾತ್ರಾಭಿನಯದ ಆಟಕ್ಕೆ ಸೂತ್ರಧಾರನಾಗಿ ಮೊದಲೆರಡು ವಾರ ನಾನು ಬರೆದದ್ದೆಲ್ಲ ಈಗ ಕಪಾಟು ಸೇರಿದೆ. ಒಂಬತ್ತು ರಾಜ್ಯಗಳು, ಅವುಗಳ ವಂಶಾವಳಿ, ಖಂಡದಷ್ಟು ದೊಡ್ಡ ನಕ್ಷೆ ಎಲ್ಲವೂ ಸಿದ್ಧವಾಗಿದ್ದರೂ, ಆಟಗಾರರು ಮೊದಲ ದಿನ ಎಲ್ಲಿರುತ್ತಾರೆ, ಅಲ್ಲಿಂದ ಏಕೆ ಹೊರಡುತ್ತಾರೆ ಎಂಬುದಕ್ಕೆ ನನ್ನಲ್ಲಿ ಉತ್ತರವೇ ಇರಲಿಲ್ಲ.

ಹಾಗಾಗಿ ಖಂಡವನ್ನು ಬಿಟ್ಟು ಒಂದೇ ದಾರಿಯನ್ನು ಹಿಡಿದಿದ್ದೇನೆ. ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ಲ್ಯೂನೆಬುರ್ಗ್‌ನಲ್ಲಿ ನೆಲದಡಿಯ ಉಪ್ಪುನೀರನ್ನು ಸೀಸದ ಬಾಣಲೆಗಳಲ್ಲಿ ಕುದಿಸಿ ತೆಗೆದ ಉಪ್ಪು ಗಾಡಿಗಳಲ್ಲಿ ಲ್ಯೂಬೆಕ್ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಇಂದಿನ ದಕ್ಷಿಣ ಸ್ವೀಡನ್‌ನ ಸ್ಕ್ಯಾನಿಯಾ ತೀರದ ಹೆರಿಂಗ್ ಮೀನಿನ ಸಂತೆಗೆ ಹೋಗುತ್ತಿತ್ತು. 1398ರಲ್ಲಿ ಸ್ಟೆಕ್ನಿಟ್ಸ್ ಕಾಲುವೆ ತೆರೆದ ಮೇಲೆ ಅದು ದೋಣಿ ಹತ್ತಿತು. ನನ್ನ ಲೋಕದಲ್ಲಿ ಕಾಲುವೆ ಇನ್ನೂ ಆಗಿಲ್ಲ. ಉಪ್ಪಿನ ಬಾವಿಯ ತಳದಲ್ಲಿ ಏನೋ ಎಚ್ಚೆತ್ತಿದ್ದು, ಬಾಣಲೆಯಲ್ಲಿ ಉಪ್ಪು ಕಪ್ಪಾಗತೊಡಗಿದೆ. ಹೆರಿಂಗ್ ಸುಗ್ಗಿ ಮುಗಿಯುವುದರೊಳಗೆ ಒಳ್ಳೆಯ ಉಪ್ಪು ಬಂದರು ಮುಟ್ಟದಿದ್ದರೆ ಮೀನು ಕೊಳೆಯುತ್ತದೆ, ವ್ರತದ ದಿನಗಳಲ್ಲಿ ಮಾಂಸ ಮುಟ್ಟದ ಊರುಗಳು ಹಸಿಯುತ್ತವೆ. ಲೋಕವನ್ನೇ ಕಾಪಾಡುವುದಕ್ಕಿಂತ ಇಂಥ ಗಡುವು ಆಟಗಾರರಿಗೆ ಹೆಚ್ಚು ಬಿಸಿ ಮುಟ್ಟಿಸುತ್ತದೆ ಎಂಬುದು ನನ್ನ ಲೆಕ್ಕ.

ಎಡವಿದ್ದು ದೂರದ ವಿಷಯದಲ್ಲಿ. ನಾವು ಬಳಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೆಯ ಆವೃತ್ತಿಯ ನಿಯಮದಂತೆ ಕಾಲ್ನಡಿಗೆಯಲ್ಲಿ ದಿನಕ್ಕೆ 24 ಮೈಲಿ, ಅಂದರೆ ಸುಮಾರು 39 ಕಿಲೋಮೀಟರ್ ಸಾಗಬಹುದು. ಉಪ್ಪಿನ ದಾರಿಯೋ ಸುಮಾರು 100 ಕಿಲೋಮೀಟರ್. ಮೂರನೆಯ ದಿನಕ್ಕೇ ಕಥೆ ಮುಗಿಯುತ್ತದೆ. ಆದ್ದರಿಂದ ಹೇರಿದ ಗಾಡಿ, ಮಳೆ, ಕೆಸರು ಎಲ್ಲ ಸೇರಿಸಿ ದಿನಕ್ಕೆ 10 ಕಿಲೋಮೀಟರ್ ಎಂದು ಇಳಿಸಿ, ನಡುವೆ ನಾಲ್ಕು ಸುಂಕದ ಕಟ್ಟೆಗಳನ್ನು ಇಟ್ಟಿದ್ದೇನೆ. (ಇದನ್ನು ಓದಿದ ಗೆಳೆಯನೊಬ್ಬ, ಬೆಂಗಳೂರಿನ ಸುಂಕದಕಟ್ಟೆ ಬಡಾವಣೆಯನ್ನು ನೆನೆದು, ಮಾಗಡಿ ರಸ್ತೆಯ ಬಸ್ಸು ಹಿಡಿಯಬೇಕೇ ಎಂದು ಕೇಳಿದ.) ಮೊದಲ ಕಟ್ಟೆಯ ಮುದುಕ ಪ್ರತಿ ಚೀಲಕ್ಕೂ ಒದ್ದೆ ಬೆರಳು ಅದ್ದಿ, ನೆಕ್ಕಿ, ಉಗುಳಿ, ಆಮೇಲೆ ದರ ಹೇಳುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆ ಎಂಬುದನ್ನು ಆಟಗಾರರು ಅಲ್ಲಿಯೇ ಕಲಿಯಲಿ.

ಭಾನುವಾರ ಮೂವರನ್ನು ಕೂರಿಸಿಕೊಂಡು ಈ ಕಟ್ಟೆಯನ್ನು ಪರೀಕ್ಷಿಸಿದೆ. ಚೀಲದ ಮುದ್ರೆ ನಕಲಿ ಎಂದು ಗುರುತಿಸಲು ಒಟ್ಟು 15 ಅಂಕ ಬೇಕೆಂದು ಇಟ್ಟಿದ್ದೆ. ಪಾತ್ರದ ಸಾಮರ್ಥ್ಯಕ್ಕೆಂದು ದಾಳದ ಅಂಕಕ್ಕೆ ಸೇರುವ ಕೂಡಿಕೆ ಮೂವರಿಗೂ 2 ಇದ್ದುದರಿಂದ ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಹೆಚ್ಚು ಬೀಳಬೇಕು, ಅಂದರೆ ತಲಾ ಶೇಕಡಾ 40 ಅವಕಾಶ. ಮೂವರೂ ಸೋಲುವ ಸಂಭವ ಶೇಕಡಾ 22ರಷ್ಟಿದೆ ಎಂದು ಮೊದಲೇ ಗುಣಿಸಿ ನೋಡಿದ್ದರೆ ಚೆನ್ನಾಗಿತ್ತು, ಏಕೆಂದರೆ ಮೂವರೂ ಸೋತರು, ಕಥೆ ಅಲ್ಲಿಯೇ ಕುಸಿದು ಕುಳಿತಿತು. ಈಗ ಮುದ್ರೆಯನ್ನು ನೋಡಿದವರಿಗೆಲ್ಲ ನಕಲು ತಿಳಿಯುತ್ತದೆ. ಅವರು ನೋಡಿದ್ದನ್ನು ಮುದುಕ ನೋಡಿದನೇ ಎಂಬುದನ್ನಷ್ಟೇ ದಾಳ ತೀರ್ಮಾನಿಸುತ್ತದೆ.

ಉಳಿದಿರುವುದು ಅರ್ಚಕಿಯ ಪಾತ್ರ ಆರಿಸಿಕೊಂಡ ಗೆಳತಿಯ ಮಂತ್ರ. ಐದು ಅಡಿ ತ್ರಿಜ್ಯದೊಳಗಿನ ಅನ್ನಪಾನಗಳ ವಿಷವನ್ನು ಕಳೆಯುವ ಆ ಮಂತ್ರವನ್ನು ವಿಧಿಪೂರ್ವಕವಾಗಿ ಹೇಳಲು ಹತ್ತು ನಿಮಿಷ ಸಾಕು. ಗಾಡಿಗೆ ಒಂದರಂತೆ ಹೇಳುತ್ತ ಹೋದರೆ ನಲವತ್ತು ಗಾಡಿಗಳೂ ಒಂದೇ ದಿನದಲ್ಲಿ ಶುದ್ಧವಾಗುತ್ತವೆ. ಇಲ್ಲಿ ಮಂತ್ರ ನಡೆಯುವುದಿಲ್ಲ ಎನ್ನುವುದು ಸೂತ್ರಧಾರನ ಸೋಮಾರಿತನ. ಮಂತ್ರ ನಡೆಯುತ್ತದೆ, ಆದರೆ ಅವಳು ಹೇಳಿದಾಗಲೆಲ್ಲ ಬಾವಿಯ ಉಪ್ಪುನೀರು ಒಂದು ಗೇಣು ಇಳಿಯುತ್ತದೆ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.