ಪರವಾನಗಿಯ ಪುಟ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ನಾನು ಬಿಸಿಎ ವಿದ್ಯಾರ್ಥಿಗಳಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಕಲಿಸುತ್ತೇನೆ. ಆ ವರ್ಷ ಅಂತಿಮ ತರಗತಿಯಲ್ಲಿ 43 ಮಕ್ಕಳಿದ್ದರು. ಗ್ರಂಥಾಲಯದಲ್ಲಿ ಲಿನಕ್ಸ್ ಕುರಿತ ಪುಸ್ತಕದ 3 ಪ್ರತಿಗಳಿದ್ದವು. ಅವುಗಳಲ್ಲೊಂದರ ಹೊಲಿಗೆ ಬಿಚ್ಚಿ, ಕಡತಗಳ ಅನುಮತಿಯನ್ನು ವಿವರಿಸುವ ಅಧ್ಯಾಯವೇ ಕಾಣೆಯಾಗಿತ್ತು. ಹೆಚ್ಚಿನ ಮಕ್ಕಳು ಬರುತ್ತಿದ್ದುದು ದೂರದ ಹಳ್ಳಿಗಳಿಂದ. ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಮೊಬೈಲ್ ಟವರ್ ಕೂಡ ನಿಂತುಹೋಗುತ್ತದೆ. ಹಾಗಾಗಿ ಅಂತರ್ಜಾಲದಲ್ಲಿ ಹುಡುಕಿ ಓದಿಕೊಳ್ಳಿ ಎಂದು ಹೇಳಿ ನಾನು ಕೈತೊಳೆದುಕೊಳ್ಳುವಂತಿರಲಿಲ್ಲ. ಅವರಿಗೆ ಬೇಕಾದ ಪುಸ್ತಕ ಅವರವರ ಫೋನಿನಲ್ಲೇ, ನೆಟ್‌ವರ್ಕ್ ಇಲ್ಲದಿದ್ದರೂ ತೆರೆದುಕೊಳ್ಳುವಂತೆ ಇರಬೇಕಿತ್ತು.

ಇದನ್ನು ತಿಳಿದ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ಪ್ರೀತಿಯಿಂದ ಒಂದು ಪೆನ್ ಡ್ರೈವ್ ಕೊಟ್ಟುಹೋದ. ಅದರಲ್ಲಿ 212 ಪಿಡಿಎಫ್ ಕಡತಗಳಿದ್ದವು. ಲಿನಕ್ಸ್, ಪೈಥಾನ್, ಡೇಟಾಬೇಸ್, ನೆಟ್‌ವರ್ಕಿಂಗ್, ಹೀಗೆ ಯಾವ ವಿಷಯಕ್ಕೂ ಕೊರತೆಯಿರಲಿಲ್ಲ. ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರವನ್ನು ಜಗತ್ತಿನ ಹಲವೆಡೆ ತಂತ್ರಾಂಶ ಸ್ವಾತಂತ್ರ್ಯ ದಿನವೆಂದು ಆಚರಿಸುವ ರೂಢಿಯಿದೆ. ಆ ಶನಿವಾರ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಈ ಪುಸ್ತಕಗಳನ್ನು ಕೊಟ್ಟುಬಿಡೋಣ ಎಂದು ನಿಶ್ಚಯಿಸಿದೆ.

ಅದಕ್ಕೆ ಒಂದು ವಾರ ಮೊದಲು, ಕಡತಗಳನ್ನು ಲ್ಯಾಬಿನ ಕಂಪ್ಯೂಟರಿಗೆ ಹಾಕುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, "ಮೇಡಂ, ಇವನ್ನು ನಾವು ಬೇರೆಯವರಿಗೂ ಕೊಡಬಹುದಾ? ನಮ್ಮ ಅಣ್ಣ ಪಾಲಿಟೆಕ್ನಿಕ್‌ನಲ್ಲಿ ಓದ್ತಾ ಇದ್ದಾನೆ" ಎಂದು ಕೇಳಿದಳು. ಧಾರಾಳವಾಗಿ ಕೊಡು ಎಂದೆ. ಅವಳು ಒಂದು ಪುಸ್ತಕದ ಎರಡನೆಯ ಪುಟವನ್ನು ತೆರೆದು ನನಗೆ ತೋರಿಸಿದಳು. ಪ್ರಕಾಶಕರ ಲಿಖಿತ ಅನುಮತಿಯಿಲ್ಲದೆ ಈ ಪುಸ್ತಕದ ಯಾವ ಭಾಗವನ್ನೂ ಯಾವ ರೂಪದಲ್ಲೂ ನಕಲು ಮಾಡಬಾರದು ಎಂಬ ಒಕ್ಕಣೆ ಅಲ್ಲಿತ್ತು. "ಮತ್ತೆ ಇಲ್ಲಿ ಹೀಗೆ ಬರೆದಿದೆಯಲ್ಲ, ಮೇಡಂ?"

ನನ್ನಲ್ಲಿ ಉತ್ತರವಿರಲಿಲ್ಲ. ಬಳಸುವ, ಒಳಹೊಕ್ಕು ನೋಡಿ ತಿದ್ದಿಕೊಳ್ಳುವ, ಹಂಚುವ, ತಿದ್ದಿದ್ದನ್ನೂ ಹಂಚುವ, ಮುಕ್ತ ತಂತ್ರಾಂಶದ ನಾಲ್ಕು ಸ್ವಾತಂತ್ರ್ಯಗಳ ಬಗ್ಗೆ ಅದೇ ದಿನ ಬೆಳಿಗ್ಗೆ ಅದೇ ತರಗತಿಯಲ್ಲಿ ನಾನು ಪಾಠ ಮಾಡಿದ್ದೆ. ತಂತ್ರಾಂಶ ಬರೆದವರೇ ಅವುಗಳನ್ನು ಕೊಟ್ಟಿರುವುದರಿಂದ ಅವು ನಮಗೆ ಹಕ್ಕಾಗಿವೆ ಎಂಬುದು ಆ ಪಾಠದ ತಿರುಳಾಗಿತ್ತು. ಬರೆದವರು ಕೊಡದೇ ಇದ್ದುದನ್ನು ನಾನೇ ಎತ್ತಿ ಹಂಚಲು ಹೊರಟಿದ್ದೆ.

ಅದೇ ಹೊತ್ತಿಗೆ ಲ್ಯಾಬಿನ ಇನ್ನೊಂದು ಮೂಲೆಯಿಂದ ಬೇರೊಂದು ತೊಡಕು ಎದ್ದಿತು. ಆ ಪೆನ್ ಡ್ರೈವಿನ ಪೈಥಾನ್ ಪುಸ್ತಕವೊಂದನ್ನು ನೋಡಿಕೊಂಡು ಒಬ್ಬ ಹುಡುಗ ಒಂದು ಸಾಲಿನ ಮೊಟ್ಟಮೊದಲ ಪ್ರೋಗ್ರಾಮ್ ಬರೆದಿದ್ದ. ಅದು ಓಡದೆ ದೋಷ ತೋರಿಸುತ್ತಿತ್ತು. ಪುಸ್ತಕ ಪೈಥಾನಿನ ಎರಡನೆಯ ಆವೃತ್ತಿಯ ಕಾಲದ್ದು. ಅದರಲ್ಲಿ ಪ್ರಿಂಟ್ ಎಂಬ ಪದದ ಮುಂದೆ ಆವರಣ ಚಿಹ್ನೆ ಬೇಕಿರಲಿಲ್ಲ, ಮೂರನೆಯ ಆವೃತ್ತಿಯಲ್ಲಿ ಬೇಕೇಬೇಕು. 2020ರ ಜನವರಿ 1ರಿಂದ ಎರಡನೆಯ ಆವೃತ್ತಿಗೆ ಬೆಂಬಲವೇ ನಿಂತುಹೋಗಿದೆ. ಕಲಿಯುವ ಹುಡುಗನಿಗೆ ಇದು ಹೇಗೆ ಗೊತ್ತಾಗಬೇಕು? ತಪ್ಪು ತನ್ನದೇ ಎಂದುಕೊಂಡು ಅವನು ಅರ್ಧ ಗಂಟೆಯಿಂದ ಒಂದೇ ಸಾಲನ್ನು ಮತ್ತೆ ಮತ್ತೆ ಟೈಪ್ ಮಾಡುತ್ತಿದ್ದ. ಕೈಯಿಂದ ಕೈಗೆ ಸಾಗಿಬಂದ ಪಿಡಿಎಫ್‌ಗಳ ಮೇಲೆ ಅವು ಯಾವ ವರ್ಷದವು, ಎಲ್ಲಿಂದ ಬಂದವು, ಆಮೇಲೆ ಪರಿಷ್ಕರಣೆಯಾದವೇ ಎಂಬ ಯಾವ ಗುರುತೂ ಇರುವುದಿಲ್ಲ. ಅಂದು ಸಂಜೆ ಮನೆಗೆ ಹೋಗುವಷ್ಟರಲ್ಲಿ ನನಗೊಂದು ವಿಷಯ ಸ್ಪಷ್ಟವಾಗಿತ್ತು: ಪುಸ್ತಕ ಹಂಚಬಹುದೇ ಎಂಬ ಪ್ರಶ್ನೆಗೂ ಅದನ್ನು ನಂಬಬಹುದೇ ಎಂಬ ಪ್ರಶ್ನೆಗೂ ಉತ್ತರ ಒಂದೇ ಕಡೆ, ಲೇಖಕರು ತಾವೇ ಪುಸ್ತಕ ಇಟ್ಟಿರುವ ತಾಣದಲ್ಲಿ ಸಿಗುತ್ತದೆ.

ಮುಂದಿನ ಐದು ರಾತ್ರಿ ನಾನು ಒಂದೊಂದೇ ಪುಸ್ತಕವನ್ನು ತೆರೆದು, ಮುಖಪುಟವನ್ನು ಬಿಟ್ಟು, ಪುಸ್ತಕವನ್ನು ಏನು ಮಾಡಬಹುದು ಏನು ಮಾಡಬಾರದು ಎಂದು ಹೇಳುವ ಪರವಾನಗಿಯ ಪುಟವನ್ನು ಓದಿದೆ. ಇಷ್ಟು ವರ್ಷ ಪಾಠ ಮಾಡಿಯೂ ಆ ಪುಟವನ್ನು ನಾನು ಗಮನವಿಟ್ಟು ಓದಿರಲಿಲ್ಲ. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಅವರ ಕೃತಿ ಸಾರ್ವಜನಿಕರ ಸ್ವತ್ತಾಗುತ್ತದೆ. 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಕೃತಿಗಳು 2007ರಿಂದ ಹೀಗೆ ಎಲ್ಲರದಾಗಿವೆ. ಆದರೆ ಲಿನಕ್ಸ್ ಹುಟ್ಟಿದ್ದೇ 1991ರಲ್ಲಿ. ಅದನ್ನು ಕಲಿಸುವ ಯಾವ ಪುಸ್ತಕವೂ ಹಳತಾದ ಕಾರಣಕ್ಕೆ ಎಲ್ಲರ ಸ್ವತ್ತಾಗಿರಲು ಸಾಧ್ಯವೇ ಇಲ್ಲ. ಈ ಕ್ಷೇತ್ರದಲ್ಲಿ ಹಂಚಲು ಯೋಗ್ಯವಾದ ಒಂದೊಂದು ಪುಸ್ತಕದ ಹಿಂದೆಯೂ, ಬದುಕಿರುವಾಗಲೇ, ಅದರಿಂದ ಬರಬಹುದಾದ ಹಣವನ್ನು ಲೆಕ್ಕಹಾಕಿಯೂ, ಹೋಗಲಿ ಎಲ್ಲರೂ ಓದಲಿ ಎಂದು ತೀರ್ಮಾನಿಸಿದ ಒಬ್ಬ ಮನುಷ್ಯ ಇದ್ದಾನೆ. ಇದು ಹೊಳೆದ ಮೇಲೆ ಆ ಪುಟಗಳನ್ನು ಓದುವ ನನ್ನ ರೀತಿಯೇ ಬದಲಾಯಿತು.

ಉಚಿತವಾಗಿ ಸಿಗುವುದೆಲ್ಲ ಮುಕ್ತವಲ್ಲ ಎಂದು ನಾವು ತಂತ್ರಾಂಶದ ಬಗ್ಗೆ ಹೇಳುವ ಮಾತು ಪುಸ್ತಕಕ್ಕೂ ಅಷ್ಟೇ ಸಲ್ಲುತ್ತದೆ. ತಂತ್ರಾಂಶ ಸ್ವತಂತ್ರವಾಗಿದ್ದು ಅದರ ಕೈಪಿಡಿ ಬಂಧನದಲ್ಲಿದ್ದರೆ ಪ್ರಯೋಜನವಿಲ್ಲವೆಂದು ಮುಕ್ತ ತಂತ್ರಾಂಶ ಚಳವಳಿಯನ್ನು ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ 2000ದಲ್ಲಿ ಕೈಪಿಡಿಗಳಿಗೆಂದೇ ಒಂದು ಪರವಾನಗಿಯನ್ನು ರೂಪಿಸಿತು. ಲೇಖಕರು ತಮ್ಮ ಕೃತಿಯನ್ನು ಹಂಚಲು ಬಿಡುವಂಥ ಪರವಾನಗಿಗಳನ್ನು ರೂಪಿಸುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಮೊದಲ ಪರವಾನಗಿಗಳು 2002ರಲ್ಲಿ ಬಂದವು. ಇಂದು ನಾವು ಕಾಣುವ ಮುಕ್ತ ಪುಸ್ತಕಗಳಲ್ಲಿ ಹೆಚ್ಚಿನವು ಇವುಗಳಡಿಯಲ್ಲೇ ಇವೆ. ಇವುಗಳಲ್ಲೂ ಬಗೆಗಳಿವೆ. ವಿಲಿಯಂ ಶಾಟ್ಸ್ ಅವರ 'ದಿ ಲಿನಕ್ಸ್ ಕಮಾಂಡ್ ಲೈನ್' ಐನೂರಕ್ಕೂ ಹೆಚ್ಚು ಪುಟಗಳ, ಆದೇಶಗಳನ್ನು ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಟರ್ಮಿನಲ್ ಎಂದರೆ ಹೆದರುವವರ ಕೈಹಿಡಿದು ನಡೆಸುವ ಪುಸ್ತಕ. ಅದನ್ನು ಎಷ್ಟು ಜನರಿಗೆ ಬೇಕಾದರೂ ಕೊಡಬಹುದು, ಆದರೆ ಮಾರುವಂತಿಲ್ಲ, ಬದಲಿಸಿ ಹಂಚುವಂತೆಯೂ ಇಲ್ಲ. ಎಂದರೆ ಲೇಖಕರನ್ನು ಕೇಳದೆ ಅದರ ಕನ್ನಡ ಅನುವಾದವನ್ನು ಪ್ರಕಟಿಸುವಂತಿಲ್ಲ. ಪ್ರೋಗ್ರಾಮಿನ ಬದಲಾವಣೆಗಳ ದಾಖಲೆಯಿಡುವ ಗಿಟ್ ಎಂಬ ತಂತ್ರಾಂಶವನ್ನು ಕಲಿಸುವ, ಸ್ಕಾಟ್ ಚಾಕನ್ ಮತ್ತು ಬೆನ್ ಸ್ಟ್ರಾಬ್ ಅವರ 'ಪ್ರೊ ಗಿಟ್' ಅನ್ನು ಅನುವಾದಿಸಬಹುದು, ಆದರೆ ಅನುವಾದವೂ ಅದೇ ಪರವಾನಗಿಯಲ್ಲಿರಬೇಕು, ವ್ಯಾಪಾರಕ್ಕೆ ಬಳಸಬಾರದು. ರಾಫೆಲ್ ಹೆರ್ಟ್‌ಝಾಗ್ ಮತ್ತು ರೋಲಾಂಡ್ ಮಾಸ್ ಮೊದಲು ಫ್ರೆಂಚಿನಲ್ಲಿ ಬರೆದ ಡೆಬಿಯನ್ ಎಂಬ ಲಿನಕ್ಸ್ ಬಗೆಯ ಆಡಳಿತ ಕೈಪಿಡಿಯ ಇಂಗ್ಲಿಷ್ ರೂಪವಂತೂ 2012ರಲ್ಲಿ ಓದುಗರೇ ಹಣ ಕೂಡಿಸಿ ಬಿಡುಗಡೆ ಮಾಡಿಸಿಕೊಂಡ ಪುಸ್ತಕ. ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದ ಮಾರ್ಗದರ್ಶಿಗಳನ್ನು ಸ್ವಯಂಸೇವಕರೇ ಬರೆದು ಪರಿಷ್ಕರಿಸುತ್ತ ಬಂದಿದ್ದಾರೆ. ನನಗೆ ಹೆಚ್ಚು ಸಂತೋಷ ಕೊಟ್ಟದ್ದು 'ಎ ಬೈಟ್ ಆಫ್ ಪೈಥಾನ್'. ಬೆಂಗಳೂರಿನ ಸ್ವರೂಪ್ ಸಿ. ಎಚ್. ಬರೆದ ಈ ಪುಸ್ತಕವನ್ನು ಜಗತ್ತಿನ ಎಷ್ಟೋ ಭಾಷೆಗಳಿಗೆ ಓದುಗರೇ ಅನುವಾದಿಸಿಕೊಂಡಿದ್ದಾರೆ. ಹೆಸರು ಉಳಿಸಿಕೊಂಡು, ಅದೇ ಪರವಾನಗಿಯಲ್ಲಿ, ಏನು ಬೇಕಾದರೂ ಮಾಡಿಕೊಳ್ಳಿ ಎಂಬಷ್ಟು ಧಾರಾಳತನ ಅದರ ಪರವಾನಗಿಯ ಪುಟದಲ್ಲಿದೆ.

ಐದನೆಯ ರಾತ್ರಿ 212ರಲ್ಲಿ ಉಳಿದವು 9. ಅವುಗಳನ್ನೂ ಪೆನ್ ಡ್ರೈವಿನಿಂದ ತೆಗೆದುಕೊಳ್ಳದೆ, ಆಯಾ ಲೇಖಕರ ತಾಣಗಳಿಂದ ಹೊಸದಾಗಿ ಇಳಿಸಿಕೊಂಡೆ. ಹುಡುಕುವಾಗ ಸಿಕ್ಕ ಇನ್ನೂ ಐದನ್ನು ಸೇರಿಸಿದೆ. ಒಟ್ಟು 14 ಪುಸ್ತಕಗಳು. ಉಳಿದದ್ದನ್ನು ಅಳಿಸಿ, ಏಕೆ ಅಳಿಸಿದೆನೆಂದು ಆ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿ ಹೇಳಿದೆ. ಅವನು ಬೇಸರಪಟ್ಟುಕೊಳ್ಳಲಿಲ್ಲ, ಪಟ್ಟಿಯನ್ನು ತನಗೂ ಕಳಿಸಿ ಎಂದ.

ಶನಿವಾರ ಬೆಳಿಗ್ಗೆಯಿಂದಲೇ ಜೋರು ಮಳೆ. ನಿರೀಕ್ಷಿಸಿದಂತೆ ಹತ್ತೂವರೆಗೆ ಕರೆಂಟು ಹೋಯಿತು, ಕಾಲೇಜಿನ ಇಂಟರ್ನೆಟ್ಟೂ ಹೋಯಿತು. ಇದಕ್ಕೆ ನಾನು ಸಿದ್ಧಳಾಗಿಯೇ ಬಂದಿದ್ದೆ. ಪೈಥಾನಿನ ಜೊತೆಗೇ ಒಂದು ಪುಟ್ಟ ವೆಬ್ ಸರ್ವರ್ ಬರುತ್ತದೆ. ಪುಸ್ತಕಗಳಿರುವ ಫೋಲ್ಡರಿನಲ್ಲಿ ನಿಂತು ಒಂದೇ ಸಾಲಿನ ಆದೇಶ ಕೊಟ್ಟರೆ, ಅದೇ ವೈಫೈನಲ್ಲಿರುವ ಯಾವ ಫೋನಿನ ಬ್ರೌಸರಿನಲ್ಲಾದರೂ ಆ ಫೋಲ್ಡರ್ ತೆರೆದುಕೊಳ್ಳುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ನನ್ನ ಫೋನಿನ ಡೇಟಾ ಆರಿಸಿ ಹಾಟ್‌ಸ್ಪಾಟ್ ಮಾತ್ರ ಹಚ್ಚಿ, ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ, ಅದರ ವಿಳಾಸವನ್ನೂ 8000 ಎಂಬ ಪೋರ್ಟ್ ಸಂಖ್ಯೆಯನ್ನೂ ಕಪ್ಪುಹಲಗೆಯ ಮೇಲೆ ಬರೆದೆ. ಹಾಟ್‌ಸ್ಪಾಟಿಗೆ ಒಮ್ಮೆಗೆ 10 ಸಾಧನಗಳಷ್ಟೇ ಸೇರಬಹುದಿತ್ತು. ಲ್ಯಾಪ್‌ಟಾಪ್ ಒಂದು ಜಾಗ ತೆಗೆದುಕೊಂಡದ್ದರಿಂದ ಒಂಬತ್ತೊಂಬತ್ತು ಮಕ್ಕಳಂತೆ ಐದು ತಂಡ ಮಾಡಿದೆವು. ಕತ್ತಲು ಕವಿದ ಲ್ಯಾಬಿನಲ್ಲಿ ಫೋನುಗಳ ಬೆಳಕಿನಲ್ಲೇ ಪುಸ್ತಕಗಳು ಒಂದೊಂದಾಗಿ ಇಳಿದವು. ಫೋಲ್ಡರಿನ ಮೊದಲಿಗೆ ನಾನು ಒಂದು ಕನ್ನಡದ ಕಡತವನ್ನೂ ಇಟ್ಟಿದ್ದೆ. ಯಾವ ಪುಸ್ತಕ ಯಾವ ಪರವಾನಗಿಯದು, ಯಾವುದನ್ನು ಹಂಚಬಹುದು, ಯಾವುದನ್ನು ಅನುವಾದಿಸಬಹುದು, ಮೂಲ ತಾಣ ಯಾವುದು ಎಂದು ಅದರಲ್ಲಿ ಬರೆದಿದ್ದೆ.

ಎಲ್ಲವೂ ಸರಾಗವಾಗಿ ನಡೆಯಿತೆಂದಲ್ಲ. ಐದಾರು ಅಂಗುಲದ ಪರದೆಯಲ್ಲಿ ಪಿಡಿಎಫ್ ಓದುವುದು ಕಣ್ಣಿಗೆ ಹಿಂಸೆ; ಪ್ರತಿ ಸಾಲಿಗೂ ಪುಟವನ್ನು ಹಿಗ್ಗಿಸಿ ಎಡಕ್ಕೂ ಬಲಕ್ಕೂ ಎಳೆಯಬೇಕು. ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುವ ಇಪಬ್ ರೂಪ ಸಿಗುವ ಪುಸ್ತಕಗಳನ್ನು ಆ ರೂಪದಲ್ಲೇ ಕೊಡಬೇಕಿತ್ತೆಂದು ನನಗೆ ಅಲ್ಲಿಯೇ ಅರಿವಾಯಿತು. ಮಧ್ಯಾಹ್ನ ಕರೆಂಟು ಬಂದ ಮೇಲೆ ಇನ್ನೊಂದು ಸಂಗತಿ ಕಂಡಿತು. ಒಬ್ಬಳು ಪಿಡಿಎಫ್‌ನಿಂದ ಒಂದು ಆದೇಶವನ್ನು ನಕಲು ಮಾಡಿ ಟರ್ಮಿನಲ್ಲಿಗೆ ಅಂಟಿಸಿದಳು. ಅಂಥ ಕಡತವೇ ಇಲ್ಲವೆಂದು ಕಂಪ್ಯೂಟರ್ ಹೇಳಿತು. ನೋಡಿದರೆ, ಪುಟದ ಅಂದಕ್ಕಾಗಿ ಚಿಕ್ಕ ಅಡ್ಡಗೆರೆಯನ್ನು ಉದ್ದಗೆರೆಯಾಗಿಸಿದ್ದರು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ಅಂದಿನಿಂದ ಆದೇಶಗಳನ್ನು ಅಂಟಿಸದೆ ಕೈಯಾರೆ ಟೈಪ್ ಮಾಡಬೇಕೆಂದು ಹೇಳುತ್ತೇನೆ. ಹಾಗೆ ಮಾಡಿದವರಿಗೆ ಆದೇಶ ನೆನಪಿನಲ್ಲೂ ಉಳಿಯುತ್ತದೆ.

ತಂಡಗಳು ಸರದಿ ಕಾಯುತ್ತಿದ್ದಾಗ ನಾನು ಮಕ್ಕಳಿಗೆ ಅಲೆನ್ ಡೌನಿಯವರ ಪುಸ್ತಕದ ಕಥೆ ಹೇಳಿದೆ. ಅಮೆರಿಕದಲ್ಲಿ ಕಾಲೇಜು ಅಧ್ಯಾಪಕರಾಗಿದ್ದ ಅವರು 1999ರಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠಕ್ಕೆಂದು, ಇದ್ದ ದಪ್ಪ ಪಠ್ಯಗಳಿಂದ ಬೇಸತ್ತು, ತಾವೇ ಒಂದು ತೆಳ್ಳನೆಯ ಪುಸ್ತಕ ಬರೆದು ಮುಕ್ತ ಪರವಾನಗಿಯಲ್ಲಿ ಬಿಟ್ಟರು. ವರ್ಜೀನಿಯಾದ ಪ್ರೌಢಶಾಲಾ ಶಿಕ್ಷಕ ಜೆಫ್ ಎಲ್ಕ್ನರ್ ಅದನ್ನು ತೆಗೆದುಕೊಂಡು ತಮ್ಮ ಮಕ್ಕಳಿಗಾಗಿ ಪೈಥಾನಿಗೆ ಮಾರ್ಪಡಿಸಿ, ಒಂದು ಪ್ರತಿಯನ್ನು ಡೌನಿಯವರಿಗೆ ಕಳಿಸಿದರು. ಆಗ ಪೈಥಾನ್ ಗೊತ್ತಿರದ ಡೌನಿ ತಮ್ಮದೇ ಪುಸ್ತಕವನ್ನು ಓದಿ ಪೈಥಾನ್ ಕಲಿತರು. ಮುಂದೆ 'ಥಿಂಕ್ ಪೈಥಾನ್' ಬೆಳೆದದ್ದು ಈ ಬೇರಿನಿಂದ. ನಾನು ಕೊಟ್ಟ 14ರಲ್ಲಿ ಅದೂ ಒಂದು. ಪರವಾನಗಿಯ ಪುಟದ ಬಗ್ಗೆ ಪ್ರಶ್ನೆ ಕೇಳಿದ್ದ ಹುಡುಗಿ ಕಥೆ ಮುಗಿದ ಮೇಲೆ, "ಹಾಗಾದ್ರೆ ಸ್ವರೂಪ್ ಅವರ ಪುಸ್ತಕವನ್ನು ನಾವು ಕನ್ನಡಕ್ಕೆ ತರಬಹುದಲ್ವಾ, ಮೇಡಂ?" ಎಂದಳು. ಪಟ್ಟಿಯನ್ನು ಅವಳು ಆಗಲೇ ಓದಿ ಮುಗಿಸಿದ್ದಳು.

ಅವಳು ದಸರಾ ರಜೆಯಲ್ಲಿ ಶುರುಮಾಡಿದಳು. ಮೊದಲ ಅಧ್ಯಾಯವನ್ನು ಪರಿಚಯದವರ ಡಿಟಿಪಿ ಅಂಗಡಿಯಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ ತಂದಳು. ಫೋನಿನಲ್ಲಿ ತೆರೆದರೆ ಕನ್ನಡದ ಬದಲು ತಲೆಬುಡವಿಲ್ಲದ ರೋಮನ್ ಅಕ್ಷರಗಳು. ಅಷ್ಟನ್ನೂ ಯೂನಿಕೋಡಿನಲ್ಲಿ ಮತ್ತೊಮ್ಮೆ ಟೈಪ್ ಮಾಡಿ, ಲಿಬ್ರೆಆಫೀಸ್ ರೈಟರಿನಿಂದಲೇ ಇಪಬ್ ಮಾಡಿದಳು. ಪದಗಳ ವಿಷಯದಲ್ಲಿ ನಾವಿಬ್ಬರೂ ಬಹಳ ಚರ್ಚಿಸಿದೆವು. ಲೂಪ್, ಫಂಕ್ಷನ್ ಎಂಬುವನ್ನು ಹಾಗೆಯೇ ಉಳಿಸಿಕೊಂಡೆವು, ಏಕೆಂದರೆ ಪರೀಕ್ಷೆಯಲ್ಲೂ ಕೆಲಸದಲ್ಲೂ ಅವರು ಕೇಳುವುದು ಆ ಪದಗಳನ್ನೇ. ಸ್ಟ್ರಿಂಗ್ ಎಂಬುದಕ್ಕೆ ಅವಳು ವಿವರಣೆಯಲ್ಲಿ 'ಅಕ್ಷರಸರ' ಎಂದು ಬರೆದಿದ್ದಳು. ಅಕ್ಷರಗಳನ್ನು ಒಂದರ ಪಕ್ಕ ಒಂದು ಪೋಣಿಸಿದ್ದು ಎಂಬ ಅರ್ಥ ಅದರಲ್ಲಿ ಎಷ್ಟು ಸಹಜವಾಗಿ ಕುಳಿತಿದೆಯೆಂದರೆ, ಈಗ ನಾನು ಪಾಠದಲ್ಲೂ ಅದೇ ಪದವನ್ನು ಬಳಸುತ್ತೇನೆ.

ಕೆಲಸ ಇನ್ನೂ ಮುಗಿದಿಲ್ಲ. ಅವಳೀಗ ಎಂಸಿಎ ಓದುತ್ತಿದ್ದಾಳೆ. ಫಂಕ್ಷನ್ನುಗಳ ಅಧ್ಯಾಯದವರೆಗೆ ಬಂದಿದ್ದಾಳೆ. ಮುಗಿದಷ್ಟನ್ನು ಹೋದ ಸೆಪ್ಟೆಂಬರಿನ ಶನಿವಾರ ಹೊಸ ಮಕ್ಕಳಿಗೆ ಕೊಡಲೆಂದು ಕಳಿಸಿಕೊಟ್ಟಿದ್ದಳು. ಎರಡನೆಯ ಪುಟದಲ್ಲಿ ಮೊದಲು ಮೂಲ ಲೇಖಕರ ಹೆಸರು, ಅದರ ಕೆಳಗೆ ಪರವಾನಗಿಯ ಹೆಸರು, ಆಮೇಲೆ ತನ್ನ ಹೆಸರು ಹಾಕಿ, ಇದನ್ನು ಯಾರು ಬೇಕಾದರೂ ನಕಲು ಮಾಡಬಹುದು, ತಪ್ಪಿದ್ದಲ್ಲಿ ತಿದ್ದಿ ಹಂಚಬಹುದು ಎಂದು ಕನ್ನಡದಲ್ಲಿ ಬರೆದಿದ್ದಳು. ನಾನು ಅದನ್ನು 14 ಪುಸ್ತಕಗಳಿದ್ದ ಫೋಲ್ಡರಿಗೆ ಸೇರಿಸಿ, ಕಪ್ಪುಹಲಗೆಯ ಮೇಲೆ ವಿಳಾಸ ಬರೆದು, ಮೊದಲ ಒಂಬತ್ತು ಮಕ್ಕಳನ್ನು ಕರೆದೆ.