ಬಾಣಲೆ ಚಹಾ, ಹಬೆ ಚಹಾ

ಗ್ರೀನ್ ಟೀ ಚೀನಾದ್ದು ಚೆನ್ನಾಗಿರುತ್ತೋ, ಜಪಾನಿನದ್ದೋ? ನಾನು ಜಪಾನಿನ ನಗೋಯಾಗೆ ಬಂದ ಮೇಲೆ ಊರಿಂದ ಯಾರೇ ಫೋನ್ ಮಾಡಿದರೂ ಒಮ್ಮೆಯಾದರೂ ಇದನ್ನು ಕೇಳುತ್ತಾರೆ. ಸಕಲೇಶಪುರದ ನಮ್ಮ ಕಾಫಿ ಮನೆಯವರಿಗೆ ಹಾಲಿಲ್ಲದ ಟೀ ಅಂದರೇನೇ ಅನುಮಾನ, ಅದು ಬೇರೆ ಮಾತು. ನಾನು ಹೇಳೋದು ಇಷ್ಟೇ: ದೇಶ ಬಿಡಿ, ಎಲೆಯನ್ನು ಹುರಿದಿದ್ದಾರೋ ಹಬೆಗೆ ಹಿಡಿದಿದ್ದಾರೋ ಅಂತ ನೋಡಿ.

ಕಿತ್ತ ಎಲೆಯನ್ನು ಹಾಗೇ ಬಿಟ್ಟರೆ ಅದರೊಳಗಿನ ಕಿಣ್ವಗಳಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಹಸಿರಾಗಿ ಉಳಿಯಬೇಕಾದರೆ ಬೇಗ ಬಿಸಿ ತಾಗಿಸಿ ಅದನ್ನು ನಿಲ್ಲಿಸಬೇಕು. ಇದಕ್ಕೆ ಚೀನಾದವರು ಹೆಚ್ಚಾಗಿ ಬಾಣಲೆ ಬಳಸುತ್ತಾರೆ, ಜಪಾನಿನವರು ಹಬೆ. ರುಚಿ ಬೇರೆಯಾಗೋದು ಮುಖ್ಯವಾಗಿ ಅಲ್ಲೇ.

ಹೋದ ಭಾನುವಾರ ಮೂರು ಚಹಾ ಪಕ್ಕಪಕ್ಕ ಇಟ್ಟೆ. ಮೂರೂ 3 ಗ್ರಾಂ, ನೀರು 80 ಡಿಗ್ರಿ.

ಮೊದಲನೆಯದು ಚೀನಾದ ಲೊಂಗ್‌ಜಿಂಗ್. ನಮ್ಮ ಆಫೀಸಿನಲ್ಲಿ ಈ ಚಹಾದ ಊರಾದ ಹಾಂಗ್‌ಜೌ ಕಡೆಯವರೊಬ್ಬರಿದ್ದಾರೆ, ರಜೆಗೆ ಹೋದಾಗ ತಂದುಕೊಡುತ್ತಾರೆ. ಏಪ್ರಿಲ್ ಮೊದಲ ವಾರದಲ್ಲಿ ಬರುವ ಛಿಂಗ್‌ಮಿಂಗ್ ಹಬ್ಬಕ್ಕೂ ಮೊದಲು ಕಿತ್ತ ಚಿಗುರಿಗೆ ಬೆಲೆ ಜಾಸ್ತಿ. ಎಲೆ ಇಸ್ತ್ರಿ ಹಾಕಿದಷ್ಟು ಚಪ್ಪಟೆ. ಬಿಸಿ ಬಾಣಲೆಗೆ ಅಂಗೈಯಲ್ಲಿ ಒತ್ತಿ ಒತ್ತಿ ಹುರಿಯೋದರಿಂದ ಹಾಗಾಗುತ್ತದೆ. ಇದಕ್ಕೆ ಕೆಟಲ್, ಜಾಲರಿ ಏನೂ ಬೇಡ. ಉದ್ದನೆ ಗಾಜಿನ ಲೋಟಕ್ಕೆ ಎಲೆ ಹಾಕಿ ನೀರು ಸುರಿದರಾಯ್ತು. ಎಲೆ ಮೊದಲು ತೇಲುತ್ತದೆ, ಆಮೇಲೆ ಒಂದೊಂದೇ ನೆಟ್ಟಗೆ ನಿಂತು ಕೆಳಗಿಳಿಯುತ್ತದೆ. ಲೋಟ ಪೂರ್ತಿ ಖಾಲಿ ಮಾಡಬಾರದು, ಮೂರನೇ ಒಂದು ಭಾಗ ಉಳಿದಾಗಲೇ ಮತ್ತೆ ನೀರು ಹಾಕಬೇಕು ಅಂತ ಅವರೇ ಹೇಳಿಕೊಟ್ಟರು. ಹುರಿದ ಚೆಸ್ಟ್‌ನಟ್ ಘಮ, ಆಮೇಲೆ ಗಂಟಲಲ್ಲಿ ಸಣ್ಣ ಸಿಹಿ. ಒಗರು ಇದ್ದರೂ ಇಲ್ಲದ ಹಾಗೆ.

ಎರಡನೆಯದು ಜಪಾನಿನ ಸೆಂಚಾ. ಕ್ಯೋತೋ ದಕ್ಷಿಣಕ್ಕಿರುವ ಉಜಿತವಾರದ ನಗತಾನಿ ಸೋಯೆನ್ 1738ರಲ್ಲಿ ಹದಕ್ಕೆ ತಂದ ವಿಧಾನ ಇದು. ಹಬೆಯಲ್ಲಿ ಬೇಯಿಸಿ, ಒಣಗಿಸುತ್ತಲೇ ಕೈಯಲ್ಲಿ ಹೊಸೆಯೋದು. ಈಗ ಹೆಚ್ಚಿನದ್ದು ಮೆಷಿನ್ ಕೆಲಸ, ಆದರೆ ಎಲೆ ಈಗಲೂ ಸೂಜಿಯಂತೆಯೇ ಇರುತ್ತದೆ. ನೀರು ಹಾಕಿ ಮುಚ್ಚಳ ತೆಗೆದರೆ ಬಸ್ಸಾರಿಗೆ ಸೊಪ್ಪು ಬಸಿದಾಗ ಬರುವ ಆ ಕಟ್ಟಿನ ವಾಸನೆ! ನನಗಂತೂ ಇಷ್ಟ. ಬಾಯಲ್ಲಿ ಮೊದಲು ಹಸಿರು ರುಚಿ, ಹಿಂದೆಯೇ ಚುರುಕಾದ ಒಗರು. ಒಗರು ಬೇಡ ಅನ್ನುವವರು ಫುಕಮುಶಿ ತಗೊಳ್ಳಿ. ಅದನ್ನು ಎರಡು ಪಟ್ಟೋ ಇನ್ನೂ ಜಾಸ್ತಿಯೋ ಹೊತ್ತು ಹಬೆಗೆ ಹಿಡಿದಿರುತ್ತಾರೆ. ಎಲೆ ಪುಡಿಪುಡಿಯಾಗಿ ಚಹಾ ಗಾಢ ಹಸಿರಾಗಿ, ಮಂಜುಮಂಜಾಗಿ ಇಳಿಯುತ್ತದೆ. ಒಂದೇ ತಾಪತ್ರಯ ಅಂದರೆ ಆ ಪುಡಿ ಕ್ಯೂಸು ಕೆಟಲ್‌ನ ಜಾಲರಿ ಕಟ್ಟಿಬಿಡುತ್ತದೆ. ಇಲ್ಲೇ ಹತ್ತಿರದ ತೊಕೊನಾಮೆಯಲ್ಲಿ ಆ ಕೆಂಪು ಮಣ್ಣಿನ ಕ್ಯೂಸು ಮಾಡುತ್ತಾರೆ. ಹಿಡಿ ಪಕ್ಕಕ್ಕಿರುತ್ತದೆ, ಎಡಗೈಯವರಿಗೆ ಬೇರೆಯೇ ಸಿಗುತ್ತದೆ. ಕೊಳ್ಳುವಾಗ ಒಳಗಿನ ಜಾಲರಿ ಅಗಲವಾಗಿದೆಯಾ ಅಂತ ಇಣುಕಿ ನೋಡಿ.

ಮೂರನೆಯದೇ ನನ್ನ ಸಾಕ್ಷಿ. ಕಮಾಇರಿಚಾ, ಅಂದರೆ ಜಪಾನಿನಲ್ಲೇ ಬಾಣಲೆಯಲ್ಲಿ ಹುರಿದ ಚಹಾ. ಚೀನಾದಿಂದ ಬಂದ ಈ ವಿದ್ಯೆ ಕ್ಯೂಶೂ ದ್ವೀಪದ ಉರೆಶಿನೋ, ತಕಾಚಿಹೋ ಕಡೆ ಉಳಿದುಕೊಂಡಿದೆ. ಉರೆಶಿನೋದಲ್ಲೂ ಈಗ ಹಬೆಯದ್ದೇ ಜಾಸ್ತಿ, ಹಾಗಾಗಿ ಹುಡುಕಿ ತರಿಸಬೇಕು. ಎಲೆ ಸುರುಳಿ, ಚಹಾ ತಿಳಿ ಹಳದಿ. ಯಾವುದು ಯಾವ ದೇಶದ್ದು ಅಂತ ಹೇಳದೆ ಮೂರೂ ಕಪ್ಪು ಹೆಂಡತಿಗೆ ಕೊಟ್ಟೆ. "ಇವೆರಡು ಒಂದೇ ಮನೆಯವು, ಆ ಸೊಪ್ಪಿನ ನೀರು ಬೇರೆ" ಅಂದಳು. ಅವಳು ಜೋಡಿ ಮಾಡಿದ್ದು ಲೊಂಗ್‌ಜಿಂಗ್ ಮತ್ತು ಕಮಾಇರಿಚಾ! ಅವಳು ಕಾಫಿ ಪಾರ್ಟಿ, ಹಾಗಾಗಿ ಪಕ್ಷಪಾತದ ಪ್ರಶ್ನೆಯೇ ಇಲ್ಲ.

ಹಾಗಂತ ಹಬೆ ಜಪಾನಿನ ಸ್ವಂತದ್ದೂ ಅಲ್ಲ. ತಾಂಗ್ ರಾಜವಂಶದ ಕಾಲದಲ್ಲಿ ಚೀನಾದವರೇ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ತಟ್ಟುತ್ತಿದ್ದರು. 1391ರಲ್ಲಿ ಮಿಂಗ್ ಚಕ್ರವರ್ತಿ ಹೊಂಗ್‌ವು ಬಿಲ್ಲೆ ಚಹಾದ ಕಾಣಿಕೆ ಬೇಡ, ಬಿಡಿ ಎಲೆ ಕೊಡಿ ಅಂದ. ಮಿಂಗರ ಕಾಲದಲ್ಲಿ ಬಾಣಲೆಯ ಕೈ ಮೇಲಾಯಿತು. ಜಪಾನಿನವರು ಹಬೆ ಬಿಡಲಿಲ್ಲ.

ಗ್ಯೊಕುರೊ ಅನ್ನೋ ಜಪಾನಿನ ನೆರಳಿನ ಚಹಾ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಕೀಳುವ ಮೊದಲು ಸುಮಾರು 20 ದಿನ ಗಿಡಕ್ಕೆ ನೆರಳು ಕಟ್ಟುತ್ತಾರೆ. ಬಿಸಿಲು ಕಡಿಮೆಯಾದರೆ ಎಲೆಯಲ್ಲಿ ಸವಿ ಕೊಡುವ ಥಿಯನಿನ್ ಅನ್ನೋ ಅಂಶ ಉಳಿಯುತ್ತದೆ, ಒಗರು ಏರುವುದಿಲ್ಲ. 50-60 ಡಿಗ್ರಿ ನೀರಲ್ಲಿ ಎರಡು ನಿಮಿಷ ಬಿಟ್ಟರೆ ನಾಲ್ಕೈದು ಗುಟುಕು ಸಿಗುತ್ತದೆ, ಗಟ್ಟಿಯಾಗಿ, ಕಡಲ ಪಾಚಿಯ ಸಾರದಂತೆ. ಬಾಯಾರಿಕೆಗೆ ಕುಡಿಯುವಂಥದ್ದಲ್ಲ. ಕೊಟ್ಟ ದುಡ್ಡಿಗೆ ನನಗೆ ಜಾಸ್ತಿ ಖುಷಿ ಕೊಡೋದು ಕೊನೆಗೆ ಉಳಿದ ಎಲೆ. ಎರಡು ಹನಿ ಪೊನ್ಜು (ಹುಳಿ ಹಣ್ಣಿನ ರಸದ ಜಪಾನೀ ಸಾಸ್) ಹಾಕಿ ತಿಂದುಬಿಡಬಹುದು.

ಥರ್ಮಾಮೀಟರ್ ಇಲ್ಲ ಅಂತ ಕೂರಬೇಡಿ. ಕುದಿದ ನೀರನ್ನು ಒಂದು ಕಪ್ಪಿನಿಂದ ಇನ್ನೊಂದಕ್ಕೆ ಸುರಿದರೆ ಪ್ರತಿ ಸಲ ಸುಮಾರು 10 ಡಿಗ್ರಿ ಇಳಿಯುತ್ತದೆ. ಸೆಂಚಾಗೆ ಎರಡು ಮೂರು ಸಲ ಸುರಿದರೆ ಸಾಕು. ಅಷ್ಟೂ ತಾಳ್ಮೆ ಇಲ್ಲದವರಿಗೆ ಹೋಜಿಚಾ ಇದೆ. ಹಬೆಯ ಎಲೆಯನ್ನೇ ಮತ್ತೆ ಕೆಂಪಗೆ ಹುರಿದದ್ದು, ಕುದಿಯುವ ನೀರು ಹಾಕಿದರೂ ಮುನಿಯುವುದಿಲ್ಲ.

ಇನ್ನು ಬಾಕಿ ಇರೋದು ಎನ್‌ಶಿ ಯುಲು. ಹುಬೇ ಪ್ರಾಂತ್ಯದಲ್ಲಿ ಇವತ್ತಿಗೂ ಹಬೆಯಲ್ಲೇ ಮಾಡುವ ಚೀನೀ ಚಹಾ. ಹಾಂಗ್‌ಜೌ ಗೆಳೆಯರಿಗೆ ಹೇಳಿದ್ದೇನೆ. "ನಮ್ಮೂರಿನದ್ದು ಬಿಟ್ಟು ಅದ್ಯಾಕೆ?" ಅಂತ ಮುಖ ಊದಿಸಿಕೊಂಡರು. ತರುತ್ತಾರೆ ಬಿಡಿ.